ಸವೆದ ಮೆಟ್ಟಿಲನ್ನು ಹಾಗೆಯೇ ಬಿಟ್ಟರು

ಮೊದಲು ಈ ಮೆಟ್ಟಿಲನ್ನು ನೋಡಿ. ಕ್ಯಾಮೆರಾವನ್ನು ನೆಲಕ್ಕೆ ತಾಗಿಸಿ ಇಟ್ಟಿದ್ದೇನೆ. ಬೆಳಗಿನ ಬಿಸಿಲು ಪಕ್ಕದಿಂದ ಬೀಳುತ್ತಿರುವುದರಿಂದ ಕಲ್ಲಿನ ನಡುವೆ ಒಂದು ತಗ್ಗು ಕಾಣಿಸುತ್ತಿದೆ. ಕೆಳಗಿನಿಂದ ಮೂರನೆಯ ಮೆಟ್ಟಿಲು ಇದು. ಎರಚಲು ಮಳೆ ಬಿದ್ದರೆ ಇದರಲ್ಲಿ ಅರ್ಧ ಬೊಗಸೆ ನೀರು ನಿಲ್ಲುತ್ತದೆ. ಬೆಂಗಳೂರಿನ ಕಲ್ಲು ಎಷ್ಟು ಗಟ್ಟಿ ಎಂದು ಉಳಿ ಹಿಡಿದವರನ್ನು ಕೇಳಬೇಕು. ಅಂಥ ಕಲ್ಲು ಹೀಗೆ ಸವೆಯಬೇಕಾದರೆ ಎಷ್ಟು ಕಾಲುಗಳು ಹತ್ತಿರಬೇಕು, ಎಷ್ಟು ಟ್ರಂಕುಗಳನ್ನು ಎಳೆದಿರಬೇಕು!

ರೈಲು ನಿಲ್ದಾಣದಿಂದ ನಡೆದೇ ಬರಬಹುದಾದಷ್ಟು ಹತ್ತಿರದಲ್ಲಿರುವ ಹಳೆಯ ಲಾಡ್ಜ್ ಇದು. ಮಾಲೀಕರ ಮನೆಯವರು ಹೆಸರು ಹೇಳುವುದು ಬೇಡ ಎಂದಿದ್ದಾರೆ, ಹಾಗಾಗಿ ಹೇಳುವುದಿಲ್ಲ. ನಮ್ಮ ತಾತ ಇಲ್ಲಿ ಇಪ್ಪತ್ತೆರಡು ವರ್ಷ ಗಲ್ಲಾದ ಮೇಲೆ ಕುಳಿತಿದ್ದರು. ನಾನು ಚಿಕ್ಕವಳಿದ್ದಾಗ ಅಪ್ಪನ ಕೈ ಹಿಡಿದು ಬಂದು, ಅವರ ಮೇಜಿನ ಮೇಲಿದ್ದ ಹಿತ್ತಾಳೆಯ ಗಂಟೆಯನ್ನು ಒತ್ತಿ ಬೈಸಿಕೊಂಡ ಜಾಗ. ಕಳೆದ ಎರಡು ವರ್ಷಗಳಿಂದ ಇದರ ಜೀರ್ಣೋದ್ಧಾರ ನಡೆಯುತ್ತಿದೆ. ಹದಿನೈದು ದಿನಕ್ಕೊಮ್ಮೆಯಾದರೂ ಬಂದು ಚಿತ್ರೀಕರಿಸಿದ್ದೇನೆ. ಇವತ್ತು ಅದೆಲ್ಲವನ್ನೂ ಒಟ್ಟಿಗೆ ತೋರಿಸುತ್ತೇನೆ.

ಈ ಕಟ್ಟಡ ಏಕೆ ಇಲ್ಲಿ ಎದ್ದಿತು ಎಂಬುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1901ರ ಜನಗಣತಿಯಲ್ಲಿ ಹಳೆಯ ಪೇಟೆ, ಬ್ರಿಟಿಷರ ದಂಡು ಪ್ರದೇಶ (ಕಂಟೋನ್ಮೆಂಟ್) ಎರಡೂ ಸೇರಿ ಬೆಂಗಳೂರಿನ ಜನಸಂಖ್ಯೆ ಸುಮಾರು 1,59,000. ಇಂದಿನ ಲೆಕ್ಕದಲ್ಲಿ ಅದೊಂದು ಸಣ್ಣ ಊರು. ಈಗ ಕೆಂಪೇಗೌಡ ಬಸ್ ನಿಲ್ದಾಣ ಇರುವ ಕಡೆ ಧರ್ಮಾಂಬುಧಿ ಕೆರೆ ಇತ್ತು. ರೈಲಿನಿಂದ ಇಳಿದವರಿಗೆ ಮೊದಲ ಪ್ರಶ್ನೆ, ರಾತ್ರಿ ಎಲ್ಲಿ ಮಲಗುವುದು? ನೆಂಟರಿದ್ದರೆ ನೆಂಟರ ಮನೆ, ಇಲ್ಲದಿದ್ದರೆ ಛತ್ರ. ನಿಲ್ದಾಣದ ಎದುರಿಗೇ ಇರುವ ಗುಬ್ಬಿ ತೋಟದಪ್ಪನವರ ಛತ್ರ 1903ರಲ್ಲಿ ಆರಂಭವಾಯಿತು. ವ್ಯಾಪಾರದಲ್ಲಿ ದುಡಿದದ್ದನ್ನು ದಾರಿಹೋಕರಿಗೆ ಮತ್ತು ಓದುವ ಹುಡುಗರಿಗೆ ಇಟ್ಟ ಪುಣ್ಯಾತ್ಮರು ಅವರು. ಮಜೆಸ್ಟಿಕ್‌ಗೆ ಹೋದಾಗ ಒಂದು ನಿಮಿಷ ನಿಂತು ಆ ಕಟ್ಟಡವನ್ನು ನೋಡಿ.

ಇನ್ನೊಂದು ಕಡೆ, ರೇಸ್‌ಕೋರ್ಸ್ ಎದುರಿನ ವೆಸ್ಟ್ ಎಂಡ್. 1887ರಲ್ಲಿ ಬ್ರಾನ್ಸನ್ ಎಂಬ ಇಂಗ್ಲಿಷ್ ಮಹಿಳೆ ಹತ್ತು ಕೋಣೆಗಳಿಂದ ಶುರು ಮಾಡಿದ ವಸತಿಗೃಹ ಅದು. ಬಿಳಿಯರಿಗಾಗಿ ಹುಟ್ಟಿ, 1912ರಲ್ಲಿ ಸ್ಪೆನ್ಸರ್ ಕಂಪನಿಯ ಕೈಗೆ ಹೋಗಿ, 1984ರಲ್ಲಿ ತಾಜ್ ಸಮೂಹಕ್ಕೆ ಸೇರಿ, ಇಂದಿಗೂ ನಡೆಯುತ್ತಿದೆ. ಛತ್ರ ಧರ್ಮದ್ದು, ವೆಸ್ಟ್ ಎಂಡ್ ದೊರೆಗಳದ್ದು. ಮೊಕದ್ದಮೆಗೆ ಬಂದ ರೈತ, ರೇಷ್ಮೆ ವ್ಯಾಪಾರಿ, ನಾಟಕ ಕಂಪನಿಯ ನಟ, ಮದುವೆಗೆ ಒಡವೆ ಕೊಳ್ಳಲು ಬಂದ ಹಾಸನದ ಸಂಸಾರ, ಇವರೆಲ್ಲ ದುಡ್ಡು ಕೊಟ್ಟು ಮರ್ಯಾದೆಯಿಂದ ಉಳಿಯಲು ಒಂದು ಜಾಗ ಬೇಕಿತ್ತು. ‘ಊಟ ಮತ್ತು ವಸತಿ’ ಎಂಬ ಹಲಗೆ ಹೊತ್ತ ಕಟ್ಟಡಗಳು ಹುಟ್ಟಿದ್ದು ಅವರಿಗಾಗಿ. ಹೋಟೆಲ್ ಎಂದರೆ ನಮಗೆ ಇಂದಿಗೂ ದೋಸೆ, ಕಾಫಿ. ಮಲಗುವ ಜಾಗಕ್ಕೆ ಲಾಡ್ಜ್ ಎನ್ನುತ್ತೇವೆ. ಈ ಕಟ್ಟಡದಲ್ಲಿ ಕೆಳಗೆ ಹೋಟೆಲ್ ಇತ್ತು, ಮೇಲೆ ಲಾಡ್ಜ್.

ಸ್ವಾತಂತ್ರ್ಯಕ್ಕೆ ಮೊದಲೇ ಕಟ್ಟಿದ್ದು. ನಡುವೆ ತೊಟ್ಟಿ, ಅಂದರೆ ತೆರೆದ ಒಳಾಂಗಳ, ಸುತ್ತ ಎರಡು ಅಂತಸ್ತು, ಮೇಲಿನ ಪಡಸಾಲೆಗೆ ಮರದ ಕಟಾಂಜನ, ಅಂದರೆ ಅಡ್ಡಗಂಬಿಯ ತಡೆ. ರಸ್ತೆಯ ಕಡೆಯ ಕಿಟಕಿಗಳ ಮೇಲೆ ಮರದ ಪಟ್ಟಿಗಳನ್ನು ಕೂಡಿಸಿದ ಚೂಪಾದ ಮುಡಿ ಇದೆಯಲ್ಲ, ಅದನ್ನು ಬೆಂಗಳೂರಿನವರು ಮಂಕಿಟಾಪ್ ಎನ್ನುತ್ತಾರೆ. ದಂಡು ಪ್ರದೇಶದ ಬಂಗಲೆಗಳಿಂದ ಪೇಟೆಯ ಲಾಡ್ಜಿಗೂ ಅದು ಇಳಿದು ಬಂದಿತ್ತು. ಅದೇ ಈ ಕಟ್ಟಡದ ಠೀವಿ.

ಈಗ ಎರಡು ವರ್ಷದ ಹಿಂದಿನ ಚಿತ್ರ. ಗೋಡೆಯ ಬುಡದಲ್ಲಿ ಸೊಂಟದೆತ್ತರಕ್ಕೆ ಬಣ್ಣ ಉದುರಿ, ಬಿಳಿ ಉಪ್ಪು ಹೂವಿನಂತೆ ಅರಳಿದೆ. ನೋಡಿದವರೆಲ್ಲ ‘ಹಳೇ ಗೋಡೆ, ಆಯಸ್ಸು ಮುಗಿದಿದೆ, ಕೆಡವಿ’ ಎಂದರು. ಅದು ಸುಳ್ಳು. ಆ ಗೋಡೆ ಸುಟ್ಟ ಇಟ್ಟಿಗೆ ಮತ್ತು ಸುಣ್ಣದ ಗಾರೆಯದು. ನೆಲದ ತೇವವನ್ನು ಸ್ವಲ್ಪ ಎಳೆದುಕೊಂಡು, ಗಾಳಿಗೆ ಬಿಟ್ಟುಕೊಟ್ಟು, ದಶಕಗಳ ಕಾಲ ಆರೋಗ್ಯವಾಗಿಯೇ ಇತ್ತು. 1980ರ ದಶಕದಲ್ಲಿ ಯಾರೋ ಒಳ್ಳೆಯ ಮನಸ್ಸಿನಿಂದಲೇ ಅದರ ಮೇಲೆ ಸಿಮೆಂಟ್ ಬಳಿದರು. ಹೊರಗೆ ಹೋಗುತ್ತಿದ್ದ ತೇವಕ್ಕೆ ದಾರಿ ಮುಚ್ಚಿತು. ಅದು ಒಳಗೇ ನಿಂತು, ಉಪ್ಪನ್ನು ಹೊತ್ತು ಮೇಲೆ ಮೇಲೆ ಏರಿತು. ಎಷ್ಟು ಹಳೆಯ ಕಟ್ಟಡಗಳನ್ನು ನಾವು ಈ ಕಾರಣಕ್ಕೆ ಕಳೆದುಕೊಂಡಿದ್ದೇವೋ ಎಂದು ನೆನೆದರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಹಾಗಾಗಿ ಮೊದಲ ಐದು ತಿಂಗಳು ಇಲ್ಲಿ ಹೊಸದಾಗಿ ಏನನ್ನೂ ಕಟ್ಟಲಿಲ್ಲ. ಸಿಮೆಂಟನ್ನು ಕಿತ್ತರು, ಅಷ್ಟೇ. ಇಟ್ಟಿಗೆಗೆ ಪೆಟ್ಟಾಗದಂತೆ ಸಣ್ಣ ಉಳಿಯಿಂದ, ಅಂಗೈ ಅಗಲದಷ್ಟು ಒಮ್ಮೆಗೆ. ಕಿತ್ತ ಮೇಲೆ ಗೋಡೆಯನ್ನು ಒಂದು ಬೇಸಿಗೆ ಪೂರ್ತಿ ಬರಿದಾಗಿ ಒಣಗಲು ಬಿಟ್ಟರು.

ಆ ಹೊತ್ತಿನಲ್ಲೇ ಹಿತ್ತಲಿನಲ್ಲಿ ಗುಂಡಿ ತೋಡಿ ಸುಣ್ಣ ಅರಳಿಸಲು ಶುರುಮಾಡಿದರು. ಸುಟ್ಟ ಸುಣ್ಣದ ಕಲ್ಲಿಗೆ ನೀರು ಬಿದ್ದ ಕ್ಷಣ ನೋಡಿ, ಅನ್ನದ ಎಸರಿನಂತೆ ಕುದಿಯುತ್ತದೆ. ಹತ್ತಿರ ಹೋಗಬೇಡಿ ಎಂದು ಮೇಸ್ತ್ರಿ ನನ್ನನ್ನು ಎರಡು ಸಲ ಹಿಂದಕ್ಕೆ ಕಳಿಸಿದರು. ಕುದಿ ಆರಿದ ಮೇಲೆ ಅದು ವಾರಗಟ್ಟಲೆ ನೀರಿನಡಿಯಲ್ಲೇ ಮಾಗಬೇಕು. ಹಾಗೆ ಮಾಗಿ ಬೆಣ್ಣೆಯಂತಾದ ಸುಣ್ಣಕ್ಕೆ ಮರಳು ಮತ್ತು ಸುಟ್ಟ ಇಟ್ಟಿಗೆಯ ಪುಡಿ ಸೇರಿಸಿ ಅರೆಯುತ್ತಾರೆ. ಪಕ್ಕದಲ್ಲಿ ಪೀಪಾಯಿಗಳು. ಅದರಲ್ಲಿ ಬೆಲ್ಲ ಮತ್ತು ಜಜ್ಜಿದ ಅಳಲೆಕಾಯಿ ನೆನೆದು ಹುಳಿ ಬಂದಿರುತ್ತದೆ. ಈ ನೀರಿನಲ್ಲೇ ಗಾರೆ ಕಲಸುವುದು. ಕೆಲಸದ ದಿನಗಳಲ್ಲಿ ಇಡೀ ತೊಟ್ಟಿಗೆ ಆಲೆಮನೆಯ ವಾಸನೆ.

ಮೇಸ್ತ್ರಿಗೆ ಎಪ್ಪತ್ತರ ಹತ್ತಿರ ವಯಸ್ಸು. ಗಾರೆ ಹದವಾಗಿದೆಯೋ ಇಲ್ಲವೋ ಎಂದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ. ಕರಣೆಯ ತುಂಬ ತೆಗೆದುಕೊಂಡು ತಲೆಕೆಳಗೆ ಹಿಡಿದರು. ಬೀಳಲಿಲ್ಲ. ‘ನೋಡಮ್ಮ, ಇದು ಕರಣೆ ಬಿಡುವುದಿಲ್ಲ ಎನ್ನುತ್ತಿದೆ. ಹೀಗಾದರೆ ಗೋಡೆಯನ್ನೂ ಬಿಡುವುದಿಲ್ಲ’ ಎಂದರು. ‘ಒಣಗಲು ಎಷ್ಟು ದಿನ ಯಜಮಾನರೇ?’ ಎಂದೆ. ‘ಒಣಗುವುದು ಬೇರೆ, ಕಲ್ಲಾಗುವುದು ಬೇರೆ. ನನ್ನ ಕಾಲ ಮುಗಿದ ಮೇಲೂ ಇದು ಕಲ್ಲಾಗುತ್ತಲೇ ಇರುತ್ತದೆ.’ ಅವರು ಹೇಳಿದ್ದು ಅಕ್ಷರಶಃ ನಿಜ. ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು ಮತ್ತೆ ಸುಣ್ಣಕಲ್ಲೇ ಆಗುತ್ತದೆ. ಅದಕ್ಕೆ ವರ್ಷಗಳು ಹಿಡಿಯುತ್ತವೆ.

ಈಗ ತಾರಸಿ. ನನಗೆ ತುಂಬ ಇಷ್ಟವಾದ ಭಾಗ ಇದು, ಸ್ವಲ್ಪ ನಿಧಾನವಾಗಿ ನೋಡೋಣ. ಮಳೆನೀರು ಸೋರುತ್ತದೆ ಎಂದು ವರ್ಷ ವರ್ಷವೂ ಒಂದರ ಮೇಲೊಂದು ಪದರ ಸುರಿದಿದ್ದರು. ಅದನ್ನೆಲ್ಲ ತೆಗೆದಾಗ ಕೆಳಗೆ ಸಿಕ್ಕಿದ್ದು ಮದ್ರಾಸ್ ತಾರಸಿ. ತೊಲೆಗಳ ಮೇಲೆ ತೇಗದ ಜಂತೆಗಳು. ಅವುಗಳ ಮೇಲೆ ತೆಳುವಾದ ಸಣ್ಣ ಇಟ್ಟಿಗೆಗಳನ್ನು ಮಲಗಿಸಿಲ್ಲ, ಅಂಚಿನ ಮೇಲೆ ನಿಲ್ಲಿಸಿದ್ದಾರೆ. ಅದೂ ನೇರವಾಗಿ ಅಲ್ಲ, ಒಂದು ಮೂಲೆಯಿಂದ ಓರೆಯಾಗಿ ಸಾಲು ಸಾಲಾಗಿ. ಹಾಗೆ ಇಟ್ಟಾಗ ಒಂದೊಂದು ಸಾಲೂ ಹಿಂದಿನ ಸಾಲಿಗೆ ಅಂಟಿ ನಿಲ್ಲುತ್ತದೆ, ಕೆಳಗೆ ಹಲಗೆ ಕಟ್ಟಿ ಆನಿಸುವ ಅಗತ್ಯವೇ ಇಲ್ಲ. ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣದ ದಪ್ಪ ಹಾಸು. ಅದನ್ನು ಕೊಡತಿಗಳಿಂದ ದಿನಗಟ್ಟಲೆ ಬಡಿಯಬೇಕು. ಈ ಚಿತ್ರದಲ್ಲಿ ಹನ್ನೊಂದು ಜನ ಹೆಂಗಸರು ಸಾಲಾಗಿ ಕುಳಿತು ಬಡಿಯುತ್ತಿದ್ದಾರೆ. ಶಬ್ದ ಕೇಳಿ. ಮೊದಲ ದಿನ ಬೊದ್ದ ಬೊದ್ದ ಎನ್ನುತ್ತಿದ್ದದ್ದು ನಾಲ್ಕನೆಯ ದಿನಕ್ಕೆ ಠಣ್ ಎನ್ನುತ್ತಿದೆ.

ಜಂತೆಗಳಲ್ಲಿ ಆರರ ತುದಿ, ಗೋಡೆಯೊಳಗೆ ಹುದುಗಿದ ಭಾಗದಲ್ಲಿ, ಕೊಳೆತಿತ್ತು. ಇಡೀ ಜಂತೆಯನ್ನು ಎಸೆಯಲಿಲ್ಲ. ಕೊಳೆತದ್ದನ್ನಷ್ಟೇ ಕೊಯ್ದು, ಹಳೆಯ ತೇಗದ ತುಂಡನ್ನೇ ಬೆಸೆದರು. ಬೆಸುಗೆ ಕಣ್ಣಿಗೆ ಕಾಣುತ್ತದೆ, ಕಾಣಲಿ. ಅದು ರಿಪೇರಿ ಎಂದು ಮುಂದಿನವರಿಗೆ ಗೊತ್ತಾಗಬೇಕು.

ಹನ್ನೆರಡನೆಯ ನಂಬರಿನ ಕೋಣೆಯ ಗೋಡೆಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗವನ್ನು ಬಣ್ಣ ಬಳಿಯದೆ ಬಿಟ್ಟಿದ್ದಾರೆ. ಹತ್ತಿರದಿಂದ ತೋರಿಸುತ್ತೇನೆ. ಹೊರಗಿನಿಂದ ಒಳಕ್ಕೆ ಮರದ ಉಂಗುರಗಳಂತೆ ಗುಲಾಬಿ, ಪಾಚಿ ಹಸಿರು, ಕೆನೆ, ಮತ್ತೆ ಹಸಿರು, ಕೊನೆಗೆ ನೀಲಿ ಬೆರೆಸಿದ ಬಿಳಿ ಸುಣ್ಣ. ಕೋಣೆಗೆ ಈಗ ಬಳಿದಿರುವುದು ಆ ಕೊನೆಯ ಬಣ್ಣ. ಕೆಂಪು ಗಾರೆ ನೆಲದ ಬಿರುಕುಗಳನ್ನು ತುಂಬಿದರೇ ಹೊರತು ನೆಲವನ್ನು ಅಗೆಯಲಿಲ್ಲ. ಅಷ್ಟು ವರ್ಷ ಬರಿಗಾಲು ತಿಕ್ಕಿ ತಂದ ಹೊಳಪನ್ನು ಯಾವ ಯಂತ್ರವೂ ತರಲಾರದು.

ಸ್ನಾನದ ಮನೆಗಳನ್ನು ಮಾತ್ರ ಪೂರ್ತಿ ಹೊಸದಾಗಿ ಮಾಡಿದ್ದಾರೆ, ಕರೆಂಟಿನ ತಂತಿಯೂ ಹೊಸದು. ಅದು ಸರಿಯೇ. ದುಡ್ಡು ಕೊಟ್ಟು ಜನ ಬಂದು ಉಳಿಯಬೇಕಾದ ಜಾಗ ಇದು. ರೆಸಿಡೆನ್ಸಿ ರಸ್ತೆಯ ವಿಕ್ಟೋರಿಯಾ ಹೋಟೆಲ್ ಇದ್ದಲ್ಲಿ ಮಾಲ್ ಬಂದದ್ದನ್ನು ನೋಡಿದ ಊರು ನಮ್ಮದು. ಈ ಮಾಲೀಕರಿಗೂ ಕೆಡವಿ ಕಟ್ಟಿದರೆ ಹತ್ತು ಪಟ್ಟು ಲಾಭವಿತ್ತು. ಅವರು ಹಾಗೆ ಮಾಡಲಿಲ್ಲ. ಅವರಿಗೆ ನನ್ನ ನಮಸ್ಕಾರ.

ಮೆಟ್ಟಿಲಿನ ವಿಷಯಕ್ಕೆ ಬರುತ್ತೇನೆ. ಸವೆದ ಕಲ್ಲನ್ನು ತೆಗೆದು ಹೊಸ ಕಲ್ಲು ಹಾಕೋಣ ಎಂಬ ಮಾತು ಬಂದಿತ್ತು. ಕಲ್ಲನ್ನು ತಿರುಗಿಸಿ ಕೂರಿಸೋಣ ಎಂದೂ ಒಬ್ಬರು ಹೇಳಿದರು. ಮಾಲೀಕರ ವಯಸ್ಸಾದ ತಾಯಿ ಕೆಳಗೆ ಬಂದು ನೋಡಿ, ‘ಬೇಡ, ಇರಲಿ’ ಎಂದರು. ಎಡಗಡೆ ಹಿಡಿದುಕೊಳ್ಳಲು ಒಂದು ಹಿತ್ತಾಳೆಯ ಕಂಬಿ ಹಾಕಿದರು, ಅಷ್ಟೇ.

ಮೊನ್ನೆ ಭಾನುವಾರ ಅಪ್ಪನನ್ನು ಕರೆದುಕೊಂಡು ಬಂದೆ. ಇಲ್ಲಿಗೆ ಅವರು ಬಂದು ಮೂವತ್ತು ವರ್ಷದ ಮೇಲಾಗಿತ್ತು. ಗಲ್ಲಾ ಇದ್ದ ಮೂಲೆಯಲ್ಲಿ ಸ್ವಲ್ಪ ಹೊತ್ತು ನಿಂತರು, ಏನೂ ಹೇಳಲಿಲ್ಲ. ಆಮೇಲೆ ಮೇಲೆ ಹೋಗೋಣ ಎಂದರು. ಇದು ಆಗ ತೆಗೆದ ಚಿತ್ರ, ಇದಕ್ಕೆ ಸಂಗೀತ ಹಾಕಿಲ್ಲ. ಅವರು ನನ್ನ ಜೊತೆ ಮಾತನಾಡುತ್ತಲೇ ಹತ್ತುತ್ತಿದ್ದಾರೆ, ಕೆಳಗೆ ನೋಡುತ್ತಿಲ್ಲ. ಮೂರನೆಯ ಮೆಟ್ಟಿಲಿನಲ್ಲಿ ಅವರ ಬಲಗಾಲು ತಾನಾಗಿಯೇ ಸ್ವಲ್ಪ ಒಳಕ್ಕೆ ಸರಿದು, ಆ ತಗ್ಗಿನಲ್ಲಿ ಕೂರುತ್ತದೆ.

ಹಿಂಬದಿಯ ಏಳು ಕೋಣೆಗಳ ಕೆಲಸ ಇನ್ನೂ ಬಾಕಿ ಇದೆ. ಹೊಸ ಸುಣ್ಣ ಗುಂಡಿಯಲ್ಲಿ ಮಾಗುತ್ತಿದೆ. ದೀಪಾವಳಿ ಕಳೆದ ಮೇಲೆ ಬನ್ನಿ ಎಂದು ಮೇಸ್ತ್ರಿ ಹೇಳಿದ್ದಾರೆ.