ಮೂರು ತಿಂಗಳಿಗೊಮ್ಮೆ ಒಂದು ರಕ್ತಪರೀಕ್ಷೆ

ಕೇಳುಗರೆಲ್ಲರಿಗೂ ನಮಸ್ಕಾರ.

ಬ್ಲಡ್ ಕ್ಯಾನ್ಸರ್‌ಗಳಲ್ಲಿ ಸಿ.ಎಂ.ಎಲ್. (ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ) ಅಂತ ಒಂದಿದೆ. ಅದಕ್ಕೆ ಮಾತ್ರೆ ತಗೊಳ್ಳುವವರು ಮೂರು ತಿಂಗಳಿಗೊಮ್ಮೆ ಮಾಡಿಸಬೇಕಾದ ಪಿ.ಸಿ.ಆರ್. ಎಂಬ ರಕ್ತಪರೀಕ್ಷೆಯ ಬಗ್ಗೆ ಇವತ್ತಿನ ಮಾತು. ನಿಧಾನವಾಗಿ ಬೆಳೆಯುವ ಕಾಯಿಲೆ. ಬಿಳಿ ರಕ್ತಕಣಗಳು ಮಿತಿಮೀರಿ ಹೆಚ್ಚುತ್ತವೆ. ಸುಸ್ತಾಗುತ್ತದೆ, ತೂಕ ಇಳಿಯುತ್ತದೆ, ಗುಲ್ಮ ಊದಿ ಎಡಪಕ್ಕೆಯ ಕೆಳಗೆ ಭಾರ ಅನ್ನಿಸುತ್ತದೆ.

ಇದಕ್ಕೆ ಇಮ್ಯಾಟಿನಿಬ್ ಎಂಬ ಒಳ್ಳೆಯ ಮಾತ್ರೆ ಇದೆ. 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಈಗ ನಮ್ಮ ದೇಶದ ಕಂಪನಿಗಳೂ ಮಾಡುತ್ತವೆ. ಬಹಳ ಜನರಿಗೆ ಕೆಲವೇ ವಾರಗಳಲ್ಲಿ ರಕ್ತಕಣಗಳ ಲೆಕ್ಕ ಸರಿಹೋಗುತ್ತದೆ. ಹಸಿವಾಗುತ್ತದೆ, ಮೈಯಲ್ಲಿ ಬಲ ಬರುತ್ತದೆ. ನನಗೆ ಕಳವಳ ಶುರುವಾಗುವುದೇ ಆಗ. ಕಾಫಿ ಕೊಯ್ಲಿನ ಸಮಯ, ಒಂದು ದಿನ ಹೋಗದಿದ್ದರೆ ಕೂಲಿ ಇಲ್ಲ. ಕೊಡಗಿಗೆ ರೈಲೂ ಇಲ್ಲ. ‘ಚೆನ್ನಾಗೇ ಇದ್ದೀನಲ್ಲ, ಸುಮ್ನೆ ಯಾಕೆ ಪರೀಕ್ಷೆಗೆ ಅಂತ ಮೈಸೂರಿಗೆ ಅಲೆಯೋದು’ ಅನ್ನಿಸಿಬಿಡುತ್ತದೆ.

ದಯವಿಟ್ಟು ಹೋಗಿ. ರಕ್ತಕಣಗಳ ಲೆಕ್ಕ ಸರಿಯಿದ್ದರೂ ಕಾಯಿಲೆ ಒಳಗೆ ಉಳಿದಿರಬಹುದು. ಅದನ್ನು ಪತ್ತೆ ಮಾಡುವುದೇ ಈ ಪರೀಕ್ಷೆ.

ಈ ರೋಗಿಗಳ ಜೀವಕೋಶದಲ್ಲಿ ಒಂದು ವಿಚಿತ್ರ ಪುಟ್ಟ ಕ್ರೋಮೋಸೋಮ್ (ಕೋಶಕ್ಕೆ ಆದೇಶ ಕೊಡುವ ಜೀನ್‌ಗಳನ್ನು ಹೊತ್ತ ಎಳೆ) ಇರುವುದನ್ನು 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ವಿಜ್ಞಾನಿಗಳಾದ ನೋವೆಲ್ ಮತ್ತು ಹಂಗರ್‌ಫೋರ್ಡ್ ಕಂಡರು. 9 ಮತ್ತು 22ನೇ ಕ್ರೋಮೋಸೋಮ್‌ಗಳ ತುಂಡುಗಳು ಅದಲುಬದಲಾಗಿವೆ ಎಂದು 1973ರಲ್ಲಿ ಜ್ಯಾನೆಟ್ ರೌಲಿ ತೋರಿಸಿಕೊಟ್ಟರು. ಹಾಗೆ ಎರಡು ಜೀನ್ ಬೆಸೆದುಕೊಂಡು ಬಿ.ಸಿ.ಆರ್.-ಎ.ಬಿ.ಎಲ್. ಎಂಬ ಹೊಸ ಜೀನ್ ಆಗುತ್ತದೆ. ತೋಟಕ್ಕೆ ಸ್ಪ್ರಿಂಕ್ಲರ್ ಹಾಕುವ ಪಂಪಿನ ಸ್ವಿಚ್ ಸಿಕ್ಕಿಕೊಂಡು ಮೋಟಾರು ಓಡುತ್ತಲೇ ಇದ್ದ ಹಾಗೆ, ಇದು ಕೋಶಕ್ಕೆ ‘ಬೆಳೆ, ಬೆಳೆ’ ಎನ್ನುತ್ತಲೇ ಇರುತ್ತದೆ. ಇದು ತಂದೆತಾಯಿಯಿಂದ ಬಂದದ್ದಲ್ಲ, ಮಕ್ಕಳಿಗೂ ಹೋಗುವುದಿಲ್ಲ. ಮನೆಯಲ್ಲಿ ಮದುವೆಯ ಮಾತು ನಡೆಯುತ್ತಿದ್ದರೆ ಹೆದರಬೇಡಿ.

ಆ ಜೀನ್ ಕೆಲಸ ಮಾಡುವಾಗ ತನ್ನ ಸಂದೇಶವನ್ನು ಆರ್.ಎನ್.ಎ. ರೂಪದಲ್ಲಿ ಕಳಿಸುತ್ತದೆ. ಪಿ.ಸಿ.ಆರ್. ಪರೀಕ್ಷೆ ಅಳೆಯುವುದು ಆ ಸಂದೇಶವನ್ನೇ. ತೋಳಿನಿಂದ ರಕ್ತ ತೆಗೆದು ನೇರಳೆ ಮುಚ್ಚಳದ ಟ್ಯೂಬಿಗೆ ಹಾಕುತ್ತಾರೆ, ರೋಗಿಗೆ ಅಷ್ಟೇ. ಫಲಿತಾಂಶ ಶೇಕಡಾ ಲೆಕ್ಕದಲ್ಲಿ ಬರುತ್ತದೆ. ಮಾತ್ರೆ ಶುರುವಾಗಿ 3 ತಿಂಗಳಿಗೆ ಅದು 10ಕ್ಕಿಂತ ಮೇಲಿರಬಾರದು. 6 ತಿಂಗಳಿಗೆ 1, ವರ್ಷಕ್ಕೆ 0.1. ಅಷ್ಟು ಇಳಿಯದಿದ್ದರೆ ವೈದ್ಯರು ಮೊದಲು ಕೇಳುವುದು, ‘ಮಾತ್ರೆ ದಿನಾ ತಗೊಳ್ತಿದ್ದೀರಾ?’ ಅಂತ. ಬಿಟ್ಟಿದ್ದರೆ ನಿಜ ಹೇಳಿಬಿಡಿ. ತಪ್ಪದೆ ನುಂಗಿಯೂ ಇಳಿಯದಿದ್ದರೆ ಬೇರೆ ಮಾತ್ರೆಗಳಿವೆ. ಹೊತ್ತಿಗೆ ಸರಿಯಾಗಿ ಗೊತ್ತಾಗಬೇಕು, ಅಷ್ಟೇ.

ನಮ್ಮ ಊರಿಗೆ ಸೇರಿದ ಒಂದು ಮಾತು. ಆರ್.ಎನ್.ಎ. ಬಹಳ ನಾಜೂಕು, ಬೇಗ ಹಾಳಾಗುತ್ತದೆ. ರಕ್ತ ಒಂದೆರಡು ದಿನದೊಳಗೆ ಲ್ಯಾಬ್ ಸೇರಬೇಕು. ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ರಕ್ತ ಕೊಟ್ಟು ಹೊರಗೆ ಕಳಿಸುವುದಾದರೆ ಶನಿವಾರ ಬೇಡ, ವಾರದ ಮೊದಲಿಗೇ ಕೊಡಿ. 2018ರ ಮಳೆಯಲ್ಲಿ ಸಂಪಾಜೆ ಘಾಟಿ ಕುಸಿದು ಮಂಗಳೂರಿನ ದಾರಿಯೇ ಮುಚ್ಚಿತ್ತು, ನೆನಪಿದೆ ಅಲ್ವಾ? ಹಾಗಾಗಿ ಮಳೆಗಾಲದ ಪರೀಕ್ಷೆಯ ದಿನವನ್ನು ವೈದ್ಯರ ಹತ್ತಿರ ಮೊದಲೇ ಮಾತಾಡಿಕೊಳ್ಳಿ. ಪ್ರತಿ ಸಲವೂ ಒಂದೇ ಲ್ಯಾಬ್ ಆದರೆ ಒಳ್ಳೆಯದು, ಹಳೆಯ ಅಂಕಿಯ ಪಕ್ಕ ಹೊಸದನ್ನು ಇಟ್ಟು ನೋಡಬಹುದು.

‘ಜೀವನಪೂರ್ತಿ ಮಾತ್ರೆಯಾ?’ ಎಂದು ಬಹಳ ಜನ ಕೇಳುತ್ತಾರೆ. ಎಲ್ಲರಿಗೂ ಅಲ್ಲ. ವರ್ಷಗಟ್ಟಲೆ ಅಂಕಿ ತೀರಾ ಕೆಳಗೇ ಉಳಿದ ಕೆಲವರಲ್ಲಿ ವೈದ್ಯರೇ ನಿಲ್ಲಿಸಿ ನೋಡುತ್ತಾರೆ. ಹಾಗೆ ನಿಲ್ಲಿಸಿದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಕಾಯಿಲೆ ಮರಳುತ್ತದೆ, ಅದೂ ಹೆಚ್ಚಾಗಿ ಮೊದಲ 6 ತಿಂಗಳಲ್ಲಿ. ಅದಕ್ಕೇ ಆಗ ತಿಂಗಳಿಗೊಮ್ಮೆ ಪಿ.ಸಿ.ಆರ್. ಮಾಡಿಸುತ್ತಾರೆ. ಅಂಕಿ ಏರಿದ ಕೂಡಲೇ ಮಾತ್ರೆ ಮತ್ತೆ ಶುರು ಮಾಡಿದರೆ ಬಹುತೇಕ ಎಲ್ಲರಲ್ಲೂ ಅದು ಪುನಃ ಇಳಿಯುತ್ತದೆ.

ನಮಸ್ಕಾರ.