ಬೆಳೆಯುವ ದೇಶ: ಗಿರಾಕಿಯೋ, ಎದುರಾಳಿಯೋ?

ಕೇಳುಗರಿಗೆ ನಮಸ್ಕಾರ.

ಚೀನಾ ನಮಗೆ ಮಿತ್ರನೋ ಶತ್ರುವೋ ಎಂಬ ವಾದ ಬಳ್ಳಾರಿಯ ಚಹಾದಂಗಡಿಯಿಂದ ದೆಹಲಿಯವರೆಗೂ ನಡೆದೇ ಇದೆ. ಹೀಗೆ ಒಟ್ಟಾರೆ ಕೇಳಿದರೆ ಉತ್ತರ ಸಿಗುವುದಿಲ್ಲ. ಯಾವ ಸರಕಿನಲ್ಲಿ, ಯಾವ ಕಾಲದಲ್ಲಿ ಎಂದು ಬಿಡಿಸಿ ಕೇಳಬೇಕು.

ನಮ್ಮ ಕಬ್ಬಿಣದ ಅದಿರನ್ನೇ ನೋಡಿ. 2000ದಲ್ಲಿ ಚೀನಾ ತಯಾರಿಸಿದ ಉಕ್ಕು ಸುಮಾರು 13 ಕೋಟಿ ಟನ್. 2008ಕ್ಕೆ ಅದು 50 ಕೋಟಿ ಟನ್ ದಾಟಿತ್ತು. ಸಂಡೂರು, ಹೊಸಪೇಟೆ ಗುಡ್ಡಗಳ ಅದಿರು ಬೇಲೆಕೇರಿ, ಕೃಷ್ಣಪಟ್ಟಣಂ, ಚೆನ್ನೈ ಬಂದರುಗಳ ದಾರಿ ಹಿಡಿದದ್ದು ಆಗಲೇ. ಹೋದದ್ದು ಹೆಚ್ಚಾಗಿ ಪುಡಿ ಅದಿರು, ಗಣಿಯವರು ಫೈನ್ಸ್ ಅನ್ನುವುದು. ಪುಡಿಯನ್ನು ಹಾಗೇ ಊದುಕುಲುಮೆಗೆ ಸುರಿದರೆ ಬಿಸಿಗಾಳಿ ಮೇಲೇರುವ ಸಂದುಗಳು ಮುಚ್ಚಿ ಕುಲುಮೆ ಕಟ್ಟಿಕೊಳ್ಳುತ್ತದೆ. ಅದಕ್ಕೇ ಪುಡಿಗೆ ಕೋಕ್ ಪುಡಿ, ಸುಣ್ಣಕಲ್ಲಿನ ಪುಡಿ ಬೆರೆಸಿ, ಸುಟ್ಟು, ಗಟ್ಟಿ ಮಾಡುತ್ತಾರೆ, ಅದು ಸಿಂಟರ್. ಇನ್ನೂ ನುಣ್ಣನೆಯ ಪುಡಿಯಾದರೆ ಉಂಡೆ ಕಟ್ಟಿ ಸುಡುತ್ತಾರೆ; ಅದು ಪೆಲೆಟ್. ಆಗ ನಮ್ಮಲ್ಲಿ ಇಂಥ ಘಟಕಗಳು ಕಡಿಮೆ, ಗಟ್ಟಿ ಅದಿರಿಗಿದ್ದ ಬೇಡಿಕೆ ಪುಡಿಗೆ ಇರಲಿಲ್ಲ. ಚೀನಾದಲ್ಲಿ ಸಿಂಟರ್ ಘಟಕಗಳಿಗೆ ಬರವಿರಲಿಲ್ಲ. ಗಣಿ ಪಕ್ಕ ಗುಡ್ಡೆ ಬಿದ್ದಿದ್ದ ಪುಡಿಗೆ ರಾತ್ರೋರಾತ್ರಿ ಬೆಲೆ ಬಂತು. ಆ ಬೆಲೆ ನಮ್ಮ ರಸ್ತೆ, ಗುಡ್ಡ, ರಾಜಕೀಯಕ್ಕೆ ಏನು ಮಾಡಿತೆಂದು ನಿಮಗೆ ಹೇಳಬೇಕಿಲ್ಲ. ಆ ಅಕ್ರಮ ಗಣಿಗಾರಿಕೆಯ ತಪ್ಪನ್ನು ಬೀಜಿಂಗ್ ಮೇಲೆ ಹೊರಿಸುವುದು ನ್ಯಾಯವಲ್ಲ. 2010ರ ಜುಲೈಯಲ್ಲಿ ರಾಜ್ಯ ಸರ್ಕಾರ ರಫ್ತು ನಿಲ್ಲಿಸಿತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ತಡೆಯಿತು.

ಈಗಿನ ಸ್ಥಿತಿಗೆ ಬರೋಣ. 2021ರಿಂದ ಚೀನಾದಲ್ಲಿ ಕಟ್ಟಡ ಉದ್ಯಮ ಕುಸಿಯಿತು, ಆದರೆ ಕುಲುಮೆಗಳು ಆರಲಿಲ್ಲ. ಊದುಕುಲುಮೆಯನ್ನು ಬೇಕೆಂದಾಗ ಆರಿಸಿ ಬೇಕೆಂದಾಗ ಹೊತ್ತಿಸಲು ಬರುವುದಿಲ್ಲ. ಒಳಗೆ ಖರ್ಚಾಗದ ಉಕ್ಕು ಹೊರಗೆ ಹರಿಯಿತು, 2024ರಲ್ಲಿ ಸುಮಾರು 11 ಕೋಟಿ ಟನ್. ನಮ್ಮ ಅದಿರಿಗೆ ಗಿರಾಕಿಯಾಗಿದ್ದ ದೇಶ ನಮ್ಮ ತೋರಣಗಲ್ಲಿನ ಕಾರ್ಖಾನೆಯ ಉಕ್ಕಿಗೆ ಎದುರಾಳಿಯಾಯಿತು. 2025ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಕೆಲವು ಬಗೆಯ ಉಕ್ಕಿನ ತಗಡಿನ ಆಮದಿನ ಮೇಲೆ 200 ದಿನಗಳಿಗೆ ಶೇಕಡ 12ರ ರಕ್ಷಣಾ ಸುಂಕ ಹಾಕಿತು. ಇದರಲ್ಲೂ ಒಂದು ತೊಡಕಿದೆ. ಸುಂಕದಿಂದ ಉಕ್ಕು ಮಾಡುವವರು ಉಸಿರಾಡುತ್ತಾರೆ. ಅದೇ ತಗಡು ಕೊಂಡು ಬೀರು, ಟ್ರಾಲಿ ಮಾಡುವ ಸಣ್ಣ ಕಾರ್ಖಾನೆಯವರಿಗೆ ಮಾಲು ತುಟ್ಟಿಯಾಗುತ್ತದೆ.

ಸೇನೆ, ಗಡಿಯ ಲೆಕ್ಕ ಬೇರೆ. ಅಲ್ಲಿಯೂ ದೇಶದ ಗಾತ್ರಕ್ಕಿಂತ ಅದರ ಬಲ ಯಾವ ಕಡೆ ಮುಖ ಮಾಡಿದೆ ಎಂಬುದೇ ಮುಖ್ಯ. 1900ರ ಸುಮಾರಿಗೆ ಬ್ರಿಟನ್ ಎದುರಿಗೆ ಮೂರು ದೇಶ ಒಟ್ಟಿಗೆ ಬೆಳೆಯುತ್ತಿದ್ದವು. ಅಮೆರಿಕದ ನೌಕಾಪಡೆ ಸಾಗರದಾಚೆ ಇತ್ತು; ಬ್ರಿಟನ್ 1903ರ ಅಲಾಸ್ಕಾ ಗಡಿ ತಕರಾರಿನಲ್ಲಿ ಸೋತು ಕೊಟ್ಟು ನಂಟು ಉಳಿಸಿಕೊಂಡಿತು. ಜರ್ಮನಿ 1898ರ ನೌಕಾಪಡೆ ಕಾನೂನಿನಿಂದ ತನ್ನ ಹಡಗುಗಳನ್ನು ಬ್ರಿಟನ್ನಿನ ಎದುರು ದಡದಲ್ಲೇ ಕಟ್ಟತೊಡಗಿತು; ಆ ಜೋಡಿ 1914ರಲ್ಲಿ ಯುದ್ಧಕ್ಕಿಳಿಯಿತು. ಜಪಾನ್ 1902ರಲ್ಲಿ ಬ್ರಿಟನ್ನಿನ ಮಿತ್ರ, 1941ರಲ್ಲಿ ಶತ್ರು.

ಇಷ್ಟು ದೂರ ಹೋಗುವುದೂ ಬೇಡ. ಕೃಷ್ಣೆ, ತುಂಗಭದ್ರೆಯರ ನಡುವಿನ ನಮ್ಮ ರಾಯಚೂರು ಸೀಮೆ ಇದಕ್ಕೆ ಹಳೆಯ ಸಾಕ್ಷಿ. ಹದಿನಾರನೇ ಶತಮಾನದಲ್ಲಿ ಇಲ್ಲಿ ಮೇಲೇರುತ್ತಿದ್ದ ಶಕ್ತಿ ವಿಜಯನಗರವೇ. ಗೋಲ್ಕೊಂಡದ ಇಬ್ರಾಹಿಂ ಕುತುಬ್ ಶಾ ಪಟ್ಟಕ್ಕೇರುವ ಮುನ್ನ ಏಳು ವರ್ಷ ವಿಜಯನಗರದ ಆಶ್ರಯದಲ್ಲಿದ್ದ. ಬಿಜಾಪುರದ ಅಲಿ ಆದಿಲ್ ಶಾ, ಅಳಿಯ ರಾಮರಾಯನ ಮಗ ತೀರಿಕೊಂಡಾಗ ತಾನೇ ಬಂದು ಸಂತಾಪ ಹೇಳಿದ. ಇಬ್ಬರೂ ರಾಮರಾಯನ ಜೊತೆ ಸೇರಿ ಅಹಮದನಗರದ ಮೇಲೆ ದಂಡೆತ್ತಿದರು. ಆದರೆ ಪ್ರತಿ ಸಹಾಯಕ್ಕೂ ರಾಮರಾಯ ಕೋಟೆ, ಸೀಮೆಗಳ ಬೆಲೆ ಕೇಳತೊಡಗಿದ. ಕೊನೆಗೆ ಅಹಮದನಗರದ ಚಾಂದ್ ಬೀಬಿಯನ್ನು ಆದಿಲ್ ಶಾಗೆ ಕೊಟ್ಟು, ಅದುವರೆಗೆ ಜಗಳದ ಬೇರಾಗಿದ್ದ ಸೊಲ್ಲಾಪುರ ಕೋಟೆಯನ್ನೇ ಬಳುವಳಿಯಾಗಿ ಬರೆದರು. 1565ರ ಜನವರಿಯಲ್ಲಿ, ತಾಳಿಕೋಟೆ ಯುದ್ಧದಲ್ಲಿ, ಬಿಜಾಪುರ, ಅಹಮದನಗರ, ಗೋಲ್ಕೊಂಡ, ಬೀದರ್ ನಾಲ್ಕೂ ವಿಜಯನಗರದ ಎದುರು ಒಟ್ಟಾಗಿ ನಿಂತವು. ಹಳೆಯ ಆಶ್ರಿತನೂ ಎದುರು ಸಾಲಿನಲ್ಲಿದ್ದ. ಯುದ್ಧದ ನಂತರ ರಾಯಚೂರು, ಮುದಗಲ್ಲು ಬಿಜಾಪುರದ ಪಾಲಾದವು. ಚೀನಾ ಬೆಳೆದಂತೆ ಜಪಾನ್, ವಿಯೆಟ್ನಾಂನಂಥ ನೆರೆಯವರು ಯಾರ ಜೊತೆ ಕೂಡುತ್ತಾರೆ ಎಂಬುದನ್ನು ನೋಡಬೇಕಾದದ್ದು ಈ ಕಾರಣಕ್ಕೆ.

ಇನ್ನು ರೈತರಿಗೆ ನೇರ ತಟ್ಟುವ ಸರಕು, ಗೊಬ್ಬರ. 2021ರ ಅಕ್ಟೋಬರ್‌ನಲ್ಲಿ ಚೀನಾ ಗೊಬ್ಬರ ರಫ್ತಿಗೆ ತಪಾಸಣೆಯ ಕಟ್ಟುಪಾಡು ಹಾಕಿತು, ಸಾರಜನಕ, ರಂಜಕ ಎರಡೂ ಇರುವ ಡಿಎಪಿ ಗೊಬ್ಬರ ನಮಗೆ ಬರುವುದು ಕುಗ್ಗಿತು. ಡಿಎಪಿಗೆ ಬದಲಿ ಉಂಟು. 50 ಕೆಜಿಯ ಒಂದು ಚೀಲದಲ್ಲಿ 9 ಕೆಜಿ ಸಾರಜನಕ, 23 ಕೆಜಿ ರಂಜಕ. ಮೂರು ಚೀಲ ಸೂಪರ್ ಫಾಸ್ಫೇಟ್ ಹಾಕಿದರೆ 24 ಕೆಜಿ ರಂಜಕ ಸಿಗುತ್ತದೆ, ಜೊತೆಗೆ 20 ಕೆಜಿ ಯೂರಿಯಾ ಕೊಟ್ಟರೆ ಸಾರಜನಕವೂ ಸರಿಹೋಗುತ್ತದೆ. ಸೂಪರ್‌ನಲ್ಲಿ ಗಂಧಕವೂ ಇರುವುದರಿಂದ ಶೇಂಗಾಕ್ಕೆ ಇದೇ ಒಳ್ಳೆಯದು. ಸಾಗಣೆ, ಎರಚುವ ಕೂಲಿ ಮಾತ್ರ ಹೆಚ್ಚು. ಮೊರಾಕ್ಕೊ, ಸೌದಿ, ಜೋರ್ಡಾನ್‌ಗಳಿಂದಲೂ ಡಿಎಪಿ ತರಿಸಬಹುದು. ಹಾಗಾಗಿ ಡಿಎಪಿ ತಡೆದು ಚೀನಾ ನಮ್ಮನ್ನು ಸತಾಯಿಸಬಹುದು, ಮಣಿಸಲಾರದು.

ಆದರೆ ಕುಷ್ಟಗಿಯ ದಾಳಿಂಬೆ ತೋಟದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಹನಿ ನೀರಾವರಿ ಪೈಪಿನಲ್ಲಿ ಬಿಡುವುದು 19:19:19, 12:61:0ಯಂಥ (ಸಾರಜನಕ, ರಂಜಕ, ಪೊಟ್ಯಾಷ್‌ಗಳ ಶೇಕಡ ಪ್ರಮಾಣ), ನೀರಿನಲ್ಲಿ ಪೂರ್ತಿ ಕರಗುವ ಗೊಬ್ಬರ. ಸೂಪರ್ ಫಾಸ್ಫೇಟಿನಲ್ಲಿರುವ ಜಿಪ್ಸಂ ಹಾಗೆ ಕರಗದು, ತೊಟ್ಟಿಕ್ಕುವ ಕಿಂಡಿಗಳಲ್ಲಿ ಕೂತು ಕಟ್ಟಿಕೊಳ್ಳುತ್ತದೆ. ಈ ಕರಗುವ ಗೊಬ್ಬರದ ಬಹುಪಾಲು ನಮಗೆ ಬರುವುದು ಚೀನಾದಿಂದಲೇ. ಸದ್ಯಕ್ಕೆ ಆ ಜುಟ್ಟು ಅವರ ಕೈಯಲ್ಲಿದೆ.

ನಮಸ್ಕಾರ.