ಹಳೇ ಲ್ಯಾಪ್‌ಟಾಪ್, ಲಿನಕ್ಸ್ ಮತ್ತು ಮಗುವಿನ ಜೊತೆ ಆಡುವ ಚೆಸ್

(ಹಾಸನದಲ್ಲಿ ಪೋಷಕರು ಮತ್ತು ಶಿಕ್ಷಕರಿಗಾಗಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲೂ ಆಲೂರು, ಸಕಲೇಶಪುರದ ಕಡೆಯಿಂದ ಬಂದಿದ್ದೀರಿ. ಕೊನೇ ಬಸ್ಸಿನ ಚಿಂತೆ ಕೆಲವರಿಗೆ ಇದ್ದೇ ಇರುತ್ತದೆ. ಹಾಗಾಗಿ ಪೀಠಿಕೆ ಬೇಡ.

ನಿಮ್ಮಲ್ಲಿ ಬಹಳ ಜನರ ಪರಿಸ್ಥಿತಿ ಒಂದೇ. ಮನೆಯಲ್ಲೊಂದು ಹಳೇ ಲ್ಯಾಪ್‌ಟಾಪ್ ಇದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ವಿಂಡೋಸ್ 11 ಆ ಮೆಷಿನ್ನಿಗೆ ಹತ್ತುವುದಿಲ್ಲ. ಪರಿಚಯದ ಹುಡುಗನೊಬ್ಬ ಬಂದು, ವಿಂಡೋಸ್ ಬದಲಿಗೆ ಲಿನಕ್ಸ್ ಅನ್ನುವ ಪುಕ್ಕಟೆ ಆಪರೇಟಿಂಗ್ ಸಿಸ್ಟಂನ ಮಿಂಟೋ ಉಬುಂಟುವೋ ಹಾಕಿಕೊಟ್ಟು ಹೋಗಿದ್ದಾನೆ. ಈಗ ಮಗುವಿಗೆ ಚೆಸ್ ಬೇಕು. ಫೋನಿನಲ್ಲಿ ಆಡು ಅಂದರೆ ಎರಡು ಆಟಕ್ಕೊಂದು ಜಾಹೀರಾತು, ಆಮೇಲೆ ಮೆಲ್ಲಗೆ ಯೂಟ್ಯೂಬ್. ನೆಟ್‌ನಲ್ಲಿ ಆಡೋಣ ಅಂದರೆ, ಘಟ್ಟದ ಕಡೆ ಮಳೆಗಾಲದಲ್ಲಿ ನೆಟ್ ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ, ಅಲ್ವಾ?

ಲಿನಕ್ಸ್‌ಗೆ ಚೆಸ್ ಸಾಫ್ಟ್‌ವೇರ್ ಬೇಕಾದಷ್ಟಿದೆ, ಅದೂ ಪುಕ್ಕಟೆ. ನಿಮ್ಮನ್ನು ಸೋಲಿಸುವ ಸಾಫ್ಟ್‌ವೇರ್ ಒಂದು ನಿಮಿಷದಲ್ಲಿ ಸಿಗುತ್ತದೆ. ಮಗುವಿನ ಮಟ್ಟಕ್ಕೆ ಇಳಿದು ಜೊತೆಗೆ ಆಡುವುದನ್ನು ಸ್ವಲ್ಪ ಹುಡುಕಬೇಕು. ಇವತ್ತು ಮಾತಾಡುವುದು ಆ ಹುಡುಕಾಟದ ಬಗ್ಗೆಯೇ.

ಮಿಂಟ್‌ನ ಸಾಫ್ಟ್‌ವೇರ್ ಮ್ಯಾನೇಜರ್ ತೆರೆದು ಚೆಸ್ ಅಂತ ಹುಡುಕಿ. ಗ್ನೋಮ್ ಚೆಸ್, ನೈಟ್ಸ್, ಎಕ್ಸ್‌ಬೋರ್ಡ್, ಗ್ನೂ ಚೆಸ್, ಸ್ಟಾಕ್‌ಫಿಶ್ ಅಂತ ಪಟ್ಟಿ ಬರುತ್ತದೆ. ಸ್ಟಾಕ್‌ಫಿಶ್ ಹೆಸರು ಎಲ್ಲೋ ಕೇಳಿರುತ್ತೇವೆ, ಅದನ್ನೇ ಹಾಕಿಕೊಳ್ಳುತ್ತೇವೆ. ಆಮೇಲೆ ಮೆನುವಿನಲ್ಲಿ ಎಷ್ಟು ಹುಡುಕಿದರೂ ಅದು ಕಾಣುವುದಿಲ್ಲ. ಹಾಳಾಗಿದೆ ಅಂದುಕೊಂಡು ತೆಗೆದುಹಾಕುತ್ತೇವೆ. ಅದು ಹಾಳಾಗಿಲ್ಲ. ಅದಕ್ಕೆ ಬೋರ್ಡೇ ಇಲ್ಲ.

ಇಲ್ಲಿ ನೋಡಿ, ಪರದೆಯ ಮೇಲೆ ತೋರಿಸುತ್ತೇನೆ. ಟರ್ಮಿನಲ್, ಅಂದರೆ ಕಂಪ್ಯೂಟರಿಗೆ ಟೈಪ್ ಮಾಡಿ ಆಜ್ಞೆ ಕೊಡುವ ಕಿಟಕಿ, ತೆರೆದು ಸ್ಟಾಕ್‌ಫಿಶ್ ಅಂತ ಟೈಪ್ ಮಾಡಿದೆ. ಒಂದು ಸಾಲು ಬಂತು, ಸುಮ್ನೆ ಕೂತಿತು. ಈಗ ‘ಯುಸಿಐ’ ಅಂತ ಹೊಡೆಯುತ್ತೇನೆ. ಒಂದಿಷ್ಟು ಸಾಲು ಉದುರಿಸಿ, ಕೊನೆಗೆ ‘ಯುಸಿಐಓಕೆ’ ಅಂದಿತು. ಈಗ ‘ಗೋ ಡೆಪ್ತ್ 10’, ಅಂದರೆ ಹತ್ತು ಹಂತ ಮುಂದಕ್ಕೆ ಯೋಚಿಸು ಅಂತ. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ‘ಬೆಸ್ಟ್‌ಮೂವ್’ ಅಂತ ಹೇಳಿ, ಪಕ್ಕದಲ್ಲಿ ಒಂದು ನಡೆ ಬರೆಯಿತು. ಮುಗಿಯಿತು. ಕಾಯಿ ಇಲ್ಲ, ಮನೆ ಇಲ್ಲ, ಬಣ್ಣ ಇಲ್ಲ. ಯೋಚನೆ ಮಾಡುವುದಷ್ಟೇ ಇದರ ಕೆಲಸ. ಇಂಥದ್ದನ್ನು ಎಂಜಿನ್ ಅನ್ನುತ್ತಾರೆ. ಚಿತ್ರ ತೋರಿಸಿ, ನಿಮ್ಮ ಮೌಸ್ ಕ್ಲಿಕ್ ತೆಗೆದುಕೊಂಡು ಎಂಜಿನ್‌ಗೆ ಮುಟ್ಟಿಸುವುದು ಬೇರೆಯೇ ಸಾಫ್ಟ್‌ವೇರ್. ಗ್ನೋಮ್ ಚೆಸ್, ಎಕ್ಸ್‌ಬೋರ್ಡ್ ಎಲ್ಲ ಆ ಜಾತಿಯವು.

ಬರೀ ಬೋರ್ಡ್ ಹಾಕಿಕೊಂಡು ಎಂಜಿನ್ ಬಿಟ್ಟರೆ, ಛತ್ರ ಬುಕ್ ಮಾಡಿ ಅಡುಗೆಯವರಿಗೆ ಹೇಳುವುದನ್ನು ಮರೆತ ಹಾಗೆ. ಜಾಗ ಚೆನ್ನಾಗಿರುತ್ತದೆ, ಊಟ ಇರುವುದಿಲ್ಲ. ಗ್ನೋಮ್ ಚೆಸ್‌ನಲ್ಲಿ ಎದುರಾಳಿಯ ಜಾಗದಲ್ಲಿ ಮನುಷ್ಯ ಅಂತ ಮಾತ್ರ ತೋರಿಸಿ, ಕಂಪ್ಯೂಟರ್ ಕಾಣದೇ ಇದ್ದರೆ ಕಾರಣ ಇಷ್ಟೇ. ಒಂದು ಎಂಜಿನ್ ಹಾಕಿ, ಗ್ನೋಮ್ ಚೆಸ್ ಮುಚ್ಚಿ ತೆರೆಯಿರಿ. ಅದೇ ಹುಡುಕಿಕೊಳ್ಳುತ್ತದೆ.

ಬೋರ್ಡ್ ಮತ್ತು ಎಂಜಿನ್ ಮಾತಾಡಿಕೊಳ್ಳುವುದಕ್ಕೆ ಎರಡು ಪದ್ಧತಿ ಇವೆ. ಹಳೆಯದು ಎಕ್ಸ್‌ಬೋರ್ಡ್‌ನದ್ದು, 1990ರ ದಶಕದ್ದು. ಹೊಸದು ಈಗ ನೋಡಿದ ಯುಸಿಐ. 2000ದಲ್ಲಿ ರುಡಾಲ್ಫ್ ಹ್ಯೂಬರ್ ಮತ್ತು ಷ್ರೆಡರ್ ಎಂಜಿನ್ ಬರೆದ ಸ್ಟೆಫಾನ್ ಮೈಯರ್-ಕಾಲೆನ್ ಇದನ್ನು ರೂಪಿಸಿದರು. ಇವತ್ತಿನ ಎಂಜಿನ್‌ಗಳಲ್ಲಿ ಹೆಚ್ಚಿನವು ಯುಸಿಐನಲ್ಲೇ ಮಾತಾಡುತ್ತವೆ. ಎಕ್ಸ್‌ಬೋರ್ಡ್‌ಗೆ ಇವನ್ನು ಜೋಡಿಸಲು ಪಾಲಿಗ್ಲಾಟ್ ಅನ್ನುವ ದುಭಾಷಿಯೊಂದು ನಡುವೆ ಬೇಕಾಗುತ್ತದೆ. ಹೊಸಬರು ಕೈಚೆಲ್ಲುವುದು ಅಲ್ಲೇ. ಇನ್ನೊಂದು ಕಿರಿಕಿರಿ ಇದೆ. ಕೆಲವು ಸಾಫ್ಟ್‌ವೇರ್ ‘ಎಂಜಿನ್ ಎಲ್ಲಿದೆ ತೋರಿಸಿ’ ಅನ್ನುತ್ತವೆ. ಉಬುಂಟು, ಮಿಂಟ್, ಡೆಬಿಯನ್‌ನಲ್ಲಿ ಸ್ಟಾಕ್‌ಫಿಶ್ ಕೂತಿರುವುದು ‘ಯುಎಸ್ಆರ್’ ಒಳಗಿನ ‘ಗೇಮ್ಸ್’ ಫೋಲ್ಡರಿನಲ್ಲಿ. ಎಲ್ಲರೂ ಹುಡುಕುವುದು ಪಕ್ಕದ ‘ಬಿನ್’ನಲ್ಲಿ.

ಹಾಗಾದರೆ ಯಾವುದು ಹಾಕುವುದು? ಮೊದಲ ಸಲಕ್ಕೆ ಗ್ನೋಮ್ ಚೆಸ್, ಜೊತೆಗೊಂದು ಎಂಜಿನ್. ನನ್ನ ಮಟ್ಟಿಗೆ ಇದರಲ್ಲಿ ಎರಡನೇ ಮಾತಿಲ್ಲ. ತೆರೆದರೆ ಬೋರ್ಡ್ ಕಾಣುತ್ತದೆ, ಬೇರೇನೂ ಇಲ್ಲ. ಕಾಯಿ ಮುಟ್ಟಿದರೆ ಅದು ಹೋಗಬಹುದಾದ ಮನೆಗಳಿಗೆ ಬಣ್ಣ ಬರುತ್ತದೆ. ಕುದುರೆಯ ಎರಡೂವರೆ ಮನೆ ಲೆಕ್ಕ ಇನ್ನೂ ತಲೆಗೆ ಹತ್ತದ ಮಗುವಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇಡ. ನಡೆ ಹಿಂತೆಗೆದುಕೊಳ್ಳಬಹುದು. ಊಟಕ್ಕೆ ಕರೆದಾಗ ಮುಚ್ಚಿ ಎದ್ದು ಹೋದರೆ, ಮತ್ತೆ ತೆರೆದಾಗ ಆಟ ಅಲ್ಲೇ ಇರುತ್ತದೆ. ಕರೆಂಟೇ ಹೋದರೆ ಈ ಮಾತು ಅನ್ವಯಿಸುವುದಿಲ್ಲ. ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಇಟ್ಟುಕೊಂಡವರು ನೆನಪಿಡಿ.

ಮಿಂಟ್‌ನಲ್ಲಿ ಒಂದೇ ಹೆಸರು ಎರಡು ರೂಪದಲ್ಲಿ ಸಿಗಬಹುದು. ಒಂದು ಸಿಸ್ಟಂ ಪ್ಯಾಕೇಜ್, ಇನ್ನೊಂದು ಫ್ಲ್ಯಾಟ್‌ಪ್ಯಾಕ್. ಡೇಟಾ ಕಮ್ಮಿ ಇದ್ದವರು ಸಿಸ್ಟಂ ಪ್ಯಾಕೇಜನ್ನೇ ಆರಿಸಿ. ಫ್ಲ್ಯಾಟ್‌ಪ್ಯಾಕ್ ಮೊದಲ ಸಲ ತನ್ನ ಸಂಸಾರವನ್ನೆಲ್ಲ ಎಳೆದುಕೊಂಡು ಬರುತ್ತದೆ. ಸಣ್ಣ ಆಟವೊಂದಕ್ಕೆ ನೂರಾರು ಎಂಬಿ ಇಳಿಯಬಹುದು.

ಈಗ ಎಂಜಿನ್ ವಿಷಯ. ಗ್ನೂ ಚೆಸ್ 1984ರಿಂದ ಇದೆ, ಸ್ಟುವರ್ಟ್ ಕ್ರಾಕ್ರಾಫ್ಟ್ ಶುರು ಮಾಡಿದ್ದು. ಹಳೇದು, ಸುಲಭ ಇರಬಹುದು ಅಂದುಕೊಳ್ಳಬೇಡಿ. ಅದರ ಆರನೇ ಆವೃತ್ತಿಯ ಒಳಗಿರುವುದು ಫ್ರೂಟ್ ಅನ್ನುವ ಎಂಜಿನ್. 2005ರ ಕಂಪ್ಯೂಟರ್ ಚೆಸ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಎರಡನೇ ಸ್ಥಾನ ಪಡೆದದ್ದು ಅದು. ಸ್ಟಾಕ್‌ಫಿಶ್ 2008ರದ್ದು, ನಾರ್ವೆಯ ಟೋರ್ಡ್ ರಾಮ್‌ಸ್ಟಾಡ್ ಬರೆದ ಗ್ಲೌರಂಗ್‌ನಿಂದ ಹುಟ್ಟಿದ್ದು. 1997ರಲ್ಲಿ ಆಗಿನ ವಿಶ್ವ ಚಾಂಪಿಯನ್ ಕಾಸ್ಪರೋವ್ ಅವರನ್ನು ಸೋಲಿಸಿದ ಐಬಿಎಂನ ಚೆಸ್ ಕಂಪ್ಯೂಟರ್ ಡೀಪ್ ಬ್ಲೂಗೆ ದೊಡ್ಡ ಬೀರುಗಳಷ್ಟು ಯಂತ್ರ ಬೇಕಿತ್ತು. ನಿಮ್ಮ ಹಳೇ ಲ್ಯಾಪ್‌ಟಾಪಿನ ಸ್ಟಾಕ್‌ಫಿಶ್ ಅದಕ್ಕಿಂತ ಬಲವಾಗಿ ಆಡುತ್ತದೆ. ಇಂಥದ್ದರ ಮುಂದೆ ನಾಲ್ಕನೇ ಕ್ಲಾಸಿನ ಮಗುವನ್ನು ಕೂರಿಸಿದರೆ ಏನಾಗುತ್ತದೆ? ಮಗು ಒಂದು ವಾರ ಸೋಲುತ್ತದೆ, ಎಂಟನೇ ದಿನ ಚೆಸ್ ಬೋರು ಅನ್ನುತ್ತದೆ.

ಅದಕ್ಕೇ ಬಲ ಇಳಿಸುವ ವ್ಯವಸ್ಥೆ ಇದೆ. ಸ್ಟಾಕ್‌ಫಿಶ್‌ನಲ್ಲಿ ಸ್ಕಿಲ್ ಲೆವೆಲ್ ಅಂತ 0ಯಿಂದ 20ರವರೆಗೆ ಉಂಟು. ಇಳಿಸಿದಾಗ ಅದು ದಡ್ಡನಂತೆ ಯೋಚಿಸುವುದಿಲ್ಲ. ಒಳ್ಳೆಯ ಕೆಲವು ನಡೆಗಳನ್ನು ಹುಡುಕಿಟ್ಟುಕೊಂಡು, ಅದರಲ್ಲಿ ಬೇಕೆಂದೇ ಕೆಳಗಿನದೊಂದನ್ನು ಆಗಾಗ ಎತ್ತಿಕೊಳ್ಳುತ್ತದೆ. ಹಾಗಾಗಿ ಆಟ ವಿಚಿತ್ರ ಅನ್ನಿಸುತ್ತದೆ. ನಾಲ್ಕು ನಡೆ ಗ್ರ್ಯಾಂಡ್‌ಮಾಸ್ಟರ್ ಥರ, ಐದನೆಯದಕ್ಕೆ ಆನೆಯನ್ನು ಬಿಟ್ಟಿ ಕೊಟ್ಟುಬಿಡುತ್ತದೆ. ಮಕ್ಕಳು ಅಷ್ಟು ಹೊತ್ತು ಚೆನ್ನಾಗಿ ಆಡಿ ಹೀಗೆ ತಪ್ಪುವುದಿಲ್ಲ. ಅವರ ತಪ್ಪಿನಲ್ಲಿ ಒಂದು ಆಸೆ ಇರುತ್ತದೆ, ಎದುರಿನ ಮಂತ್ರಿಯನ್ನು ಹೊಡೆಯುವ ಆಸೆ. ಮನುಷ್ಯರ ಥರ ತಪ್ಪು ಮಾಡುವ ಎಂಜಿನ್ ಬೇಕು ಅಂತಲೇ 2020ರಲ್ಲಿ ಮಾಯಾ ಅನ್ನುವುದು ಬಂತು. ಲಿಚೆಸ್ ಅನ್ನುವ ಚೆಸ್ ವೆಬ್‌ಸೈಟಿನಲ್ಲಿ ಜನ ಆಡಿದ ಆಟಗಳಿಂದ ಕಲಿತದ್ದು. ಅದನ್ನು ಮನೆಯಲ್ಲಿ ಹಾಕಿಕೊಳ್ಳುವುದು ಸ್ವಲ್ಪ ತಲೆನೋವು, ಇವತ್ತಿಗೆ ಬಿಡೋಣ.

ಗ್ನೋಮ್ ಚೆಸ್‌ನಲ್ಲಿ ಈ ಅಂಕಿಗಳ ತಲೆಬಿಸಿ ಇಲ್ಲ. ಸುಲಭ, ಸಾಧಾರಣ, ಕಷ್ಟ ಅಂತ ಮೂರೇ. ಈಗಷ್ಟೇ ಕಲಿತವರಿಗೆ ಸುಲಭವೂ ಕಷ್ಟವೇ ಆದರೆ ಎರಡು ದಾರಿ ಇವೆ. ಒಂದು, ಎಕ್ಸ್‌ಬೋರ್ಡ್ ಹಾಕಿಕೊಳ್ಳಿ. ನೋಡೋಕೆ ಹಳೇ ಕಾಲದ್ದು, ಆದರೆ ಅದರಲ್ಲಿ ಎಡಿಟ್ ಪೊಸಿಷನ್ ಅಂತ ಇದೆ. ಕಂಪ್ಯೂಟರಿನ ಮಂತ್ರಿಯನ್ನು, ಬೇಕಾದರೆ ಒಂದು ಆನೆಯನ್ನೂ ತೆಗೆದಿಟ್ಟು ಆಟ ಶುರು ಮಾಡಿ. ನಮ್ಮ ಜಗಲಿಗಳಲ್ಲಿ ದೊಡ್ಡವರು ಚಿಕ್ಕವರ ಜೊತೆ ಆಡುತ್ತಿದ್ದದ್ದು ಹೀಗೇ ತಾನೆ. ಇನ್ನೊಂದು ದಾರಿ ಪೈಚೆಸ್. ಡೆನ್ಮಾರ್ಕಿನ ಥಾಮಸ್ ಡೈಬ್ಡಾಲ್ ಆಲೆ 2006ರಲ್ಲಿ ಶುರು ಮಾಡಿದ್ದು. ಅದರ ಜೊತೆಗೇ ಒಂದು ಸಾಧಾರಣ ಎಂಜಿನ್ ಬರುತ್ತದೆ. ಮುಂದಿನ ನಡೆಯ ಸುಳಿವು ಬೇಕಿದ್ದರೆ ಬೋರ್ಡಿನ ಮೇಲೆ ಬಾಣ ತೋರಿಸುತ್ತದೆ, ಪಾಠಗಳೂ ಇವೆ. ನಿಮ್ಮ ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ಸಿಕ್ಕರೆ ಖಂಡಿತ ಹಾಕಿ.

ಸ್ಕಿಡ್ ಅಂತ ಒಂದಿದೆ, ಲಕ್ಷಗಟ್ಟಲೆ ಆಟಗಳನ್ನು ಇಟ್ಟುಕೊಂಡು ಅಭ್ಯಾಸ ಮಾಡುವವರಿಗೆ. ಟೂರ್ನಮೆಂಟ್ ಮಕ್ಕಳಿಗೆ ಸರಿ, ಮಿಕ್ಕವರಿಗೆ ಬೇಡ. ನೆಟ್ ಇರುವಾಗ ಬ್ರೌಸರಿನಲ್ಲೇ ಲಿಚೆಸ್ ಆಡಿ. 2010ರಲ್ಲಿ ಫ್ರಾನ್ಸಿನ ಥಿಬೋ ದ್ಯುಪ್ಲೆಸಿ ಶುರು ಮಾಡಿದ್ದು. ಕಾಸಿಲ್ಲ, ಜಾಹೀರಾತಿಲ್ಲ.

ಆಟ ಉಳಿಸಿದಾಗ ಸಿಗುವುದು ಪಿಜಿಎನ್ ಫೈಲ್. ಇದು ಬರೀ ಅಕ್ಷರ. ಸಾಮಾನ್ಯವಾಗಿ ಒಂದು ಆಟಕ್ಕೆ ಒಂದು ಕೆಬಿ ಆಸುಪಾಸು. ಸಿಗ್ನಲ್ ಒಂದೇ ಕಡ್ಡಿ ಇದ್ದರೂ ವಾಟ್ಸ್ಆ್ಯಪ್‌ನಲ್ಲಿ ಮೇಷ್ಟ್ರಿಗೆ ಕಳಿಸಬಹುದು. ಅವರು ತಮ್ಮ ಕಂಪ್ಯೂಟರಿನಲ್ಲಿ ಯಾವ ಸಾಫ್ಟ್‌ವೇರ್ ಇದ್ದರೂ ಅದನ್ನು ತೆರೆದು ನಡೆ ನಡೆಯಾಗಿ ನೋಡಬಹುದು. ವಾರಕ್ಕೊಂದು ಆಟ ಹೀಗೆ ತಿದ್ದಿಸಿಕೊಂಡರೆ, ದಿನಕ್ಕೆ ಹತ್ತು ಆಟ ಸೋಲುವುದಕ್ಕಿಂತ ಜಾಸ್ತಿ ಪ್ರಯೋಜನ.

ಒಬ್ಬ ಮೇಡಂ ಚೀಟಿ ಕಳಿಸಿದ್ದಾರೆ. ಶಾಲೆಯಲ್ಲಿ ಕಂಪ್ಯೂಟರ್ ಕಮ್ಮಿ, ಇಬ್ಬರು ಮಕ್ಕಳು ಒಂದರಲ್ಲೇ ಆಡಬಹುದಾ ಅಂತ. ಆಡಬಹುದು ಮೇಡಂ. ಗ್ನೋಮ್ ಚೆಸ್‌ನಲ್ಲಿ ಎದುರಾಳಿ ಮನುಷ್ಯ ಅಂತ ಆರಿಸಿ, ಎಂಜಿನ್ ಬೇಕಾಗಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಬೋರ್ಡಿನ ದಿಕ್ಕನ್ನು ‘ಈಗ ಆಡುವವರ ಕಡೆ’ಗೆ ಇಟ್ಟರೆ, ಪ್ರತಿ ನಡೆಗೂ ಬೋರ್ಡೇ ತಿರುಗುತ್ತದೆ. ಚಿಕ್ಕ ಮಕ್ಕಳಿಗೆ ಅದು ತಲೆ ಸುತ್ತು ತರಿಸುತ್ತದೆ, ಅವರಿಗೆ ಆಫ್ ಮಾಡಿಬಿಡಿ.

ಊರಲ್ಲಿ ನೆಟ್ ಇಲ್ಲದವರು ಇಲ್ಲೇ ಇನ್‌ಸ್ಟಾಲ್ ಮಾಡಿಕೊಂಡು ಹೋಗಿ, ಆಮೇಲೆ ಆಡುವುದಕ್ಕೆ ನೆಟ್ ಬೇಡ. ಸಕಲೇಶಪುರದ ಬಸ್ಸಿನವರು ಮೊದಲು ಬನ್ನಿ. ಹಾಸನದವರು ದಯವಿಟ್ಟು ಸ್ವಲ್ಪ ಕಾಯಿರಿ, ಪ್ಲಗ್ ಪಾಯಿಂಟ್ ಎರಡೇ ಇವೆ.